ಡ್ರಮ್ಸ್‌ಗೆ ಮೊದಲ ಹಾಡು: ಬಾಯಿಪಾಠ ಇರೋದನ್ನೇ ಹಿಡೀರಿ

1/3

ಈ ಸರಣಿ ಶುರು ಮಾಡಿದಾಗಿಂದ ಡಿಎಂನಲ್ಲಿ ಜಾಸ್ತಿ ಬರ್ತಿರೋ ಪ್ರಶ್ನೆ ಇದು: "ಬ್ರೋ, ಡ್ರಮ್ಸ್ ಕ್ಲಾಸಿಗೆ ಸೇರಿದೀನಿ, ಯಾವ ಹಾಡಿಂದ ಪ್ರಾಕ್ಟೀಸ್ ಶುರು ಮಾಡ್ಲಿ?" ಕೇಳೋರಲ್ಲಿ ಅರ್ಧ ಜನ ಆಗಲೇ ಯೂಟ್ಯೂಬ್ ನೋಡಿ ಒಂದು ಲಿಸ್ಟ್ ಮಾಡ್ಕೊಂಡಿರ್ತಾರೆ. ಕ್ವೀನ್, ಎಸಿ ಡಿಸಿ, ಮೈಕೆಲ್ ಜಾಕ್ಸನ್, ವೈಟ್ ಸ್ಟ್ರೈಪ್ಸ್. ಎಲ್ಲರದ್ದೂ ಹೆಚ್ಚೂಕಡಿಮೆ ಅದೇ ಲಿಸ್ಟು. ಒಳ್ಳೆ ಹಾಡುಗಳೇ, ಬೈಯೋಕೇನಿಲ್ಲ.

ಆದ್ರೆ ನನ್ನ ಉತ್ತರ ಬೇರೆ. ನಿಮಗೆ ಬಾಯಿಪಾಠ ಬರೋ ಹಾಡು ಹಿಡೀರಿ. ಮನೇಲಿ ಪಾತ್ರೆ ತೊಳೀತಾ ಅಮ್ಮ ಗುನುಗೋ ಹಾಡಾದ್ರೂ ಪರವಾಗಿಲ್ಲ.

ಯಾಕೆ ಅಂತೀರಾ? ಕಿಟ್ ಮುಂದೆ ಮೊದಲ ಸಲ ಕೂತಾಗ ಬಲಗೈ ಒಂದು ಕೆಲಸ, ಎಡಗೈ ಇನ್ನೊಂದು, ಕಾಲು ಮತ್ತೊಂದು. ತಲೇಲಿ ಜಾಗಾನೇ ಇರಲ್ಲ. ಅದರ ಮೇಲೆ "ಪಲ್ಲವಿ ಯಾವಾಗ ವಾಪಸ್ ಬರುತ್ತೆ, ಚರಣ ಎಷ್ಟು ಸಾಲು" ಅಂತ ಲೆಕ್ಕ ಬೇರೆ ಇಟ್ಕೋಬೇಕು ಅಂದ್ರೆ ಕೈ ನಿಂತೇ ಹೋಗುತ್ತೆ. ಗೊತ್ತಿರೋ ಹಾಡಲ್ಲಿ ಆ ಲೆಕ್ಕ ಕಿವಿನೇ ಇಟ್ಕೊಳ್ಳುತ್ತೆ. ಪಲ್ಲವಿ ಬರ್ತಿದೆ ಅಂತ ಮೈಗೆ ಮೊದಲೇ ಗೊತ್ತಾಗುತ್ತೆ.

ಗೊತ್ತಿಲ್ಲದ ಹಾಡಲ್ಲಿ ದಾರಿ ತಪ್ತೀರ, ನಿಲ್ಲಿಸ್ತೀರ, ಮತ್ತೆ ಮೊದಲಿಂದ ಶುರು. ಹೀಗೆ ಮಾಡಿ ಮಾಡಿ ಹಾಡಿನ ಮೊದಲ 30 ಸೆಕೆಂಡ್ ಮಾತ್ರ ಚೆನ್ನಾಗಿ ಬರೋರು ನಮ್ಮ ಕಾಲೇಜಲ್ಲೇ ಬೇಕಾದಷ್ಟು ಜನ ಇದಾರೆ. ಈ ಖಾಯಿಲೆಗೆ ರೀಲ್ಸ್ ಇನ್ನಷ್ಟು ಗೊಬ್ಬರ ಹಾಕಿದೆ. ಒಂದು ಫಿಲ್ ಕಲಿತು, 20 ಸೆಕೆಂಡ್ ಶೂಟ್ ಮಾಡಿ ಹಾಕಿದ್ರೆ ಲೈಕ್ ಬರುತ್ತೆ. ಅದೇ ಮನುಷ್ಯನಿಗೆ ಪೂರ್ತಿ ಹಾಡು ಕೊಡಿ, ಎರಡನೇ ಚರಣಕ್ಕೆ ಸ್ಪೀಡ್ ಏರಿ ಗಾಯಕಿ ಉಸಿರು ಕಟ್ಟಿರುತ್ತೆ.

ದುಡ್ಡಿನ ಮಾತೂ ಇದೆ, ಬಿಕಾಂ ಹುಡುಗ ಅದನ್ನ ಬಿಡೋಕಾಗುತ್ತಾ. ಹಲಸೂರಲ್ಲೋ ಕೆ.ಆರ್. ಪುರದಲ್ಲೋ ಬಾಡಿಗೆ ಮನೇಲಿ ಡ್ರಮ್ ಕಿಟ್ ಇಟ್ರೆ ಓನರ್ ಮಾರನೇ ದಿನಾನೇ ಬಾಗಿಲು ತಟ್ತಾರೆ. ಅದಕ್ಕೆ ಇಂದಿರಾನಗರದ ಕಡೆ ಜಾಮ್ ರೂಮಿಗೆ ಗಂಟೆ ಲೆಕ್ಕದಲ್ಲಿ ಕೊಟ್ಟು ಹೋಗ್ತೀವಿ. ಐದು ನಿಮಿಷದ ಹಾಡು ಅಂದ್ರೆ ಗಂಟೆಗೆ ಹೆಚ್ಚೆಂದ್ರೆ 12 ಸಲ. ಆ 12ನ್ನ ಹಾಡು ಹುಡುಕೋದ್ರಲ್ಲಿ, ಮೊದಲಿಂದ ಶುರು ಮಾಡೋದ್ರಲ್ಲಿ ಕಳೀಬೇಡಿ.

2/3

ಸರಿ, ಆ ಫೇಮಸ್ ಲಿಸ್ಟನ್ನೇ ನೋಡೋಣ.

ಕ್ವೀನ್‌ನ 'ವಿ ವಿಲ್ ರಾಕ್ ಯೂ' (1977). ಎಲ್ಲರೂ ಮೊದಲ ಪಾಠ ಅಂತ ಕೊಡೋದು ಇದನ್ನೇ. ತಮಾಷೆ ಏನಂದ್ರೆ ಆ ಧಡ್ ಧಡ್ ಚಪ್ ಸದ್ದು ಡ್ರಮ್ ಕಿಟ್ಟಿನದ್ದೇ ಅಲ್ಲ, ಕಾಲು ಕುಟ್ಟಿ ಚಪ್ಪಾಳೆ ತಟ್ಟಿ ರೆಕಾರ್ಡ್ ಮಾಡಿದ್ದು. ಕ್ಲಾಸಿನ ಬೆಂಚಲ್ಲೇ ಕಲೀಬಹುದು, ಇದಕ್ಕೆ ಜಾಮ್ ರೂಮ್ ದುಡ್ಡು ಯಾಕೆ?

ಮೈಕೆಲ್ ಜಾಕ್ಸನ್‌ನ 'ಬಿಲ್ಲಿ ಜೀನ್' ನನ್ನ ಪ್ರಕಾರ ಲಿಸ್ಟಲ್ಲಿರೋ ಚಿನ್ನ. 1982ರ 'ಥ್ರಿಲ್ಲರ್' ಆಲ್ಬಂದು, ಡ್ರಮ್ಸ್ ನುಡಿಸಿದ್ದು ಲಿಯಾನ್ ಎನ್‌ಡೂಗು ಚಾನ್ಸ್‌ಲರ್. ಹೈ ಹ್ಯಾಟಲ್ಲಿ ಎಂಟು ಏಟು, ಕಿಕ್ 1ಕ್ಕೆ ಮತ್ತು 3ಕ್ಕೆ, ಸ್ನೇರ್ 2ಕ್ಕೆ ಮತ್ತು 4ಕ್ಕೆ. ಕಲಿಯೋಕೆ ಹತ್ತು ನಿಮಿಷ ಸಾಕು. ಆದ್ರೆ ನಿಮಿಷಕ್ಕೆ ಸುಮಾರು 117 ಬೀಟು, ಹತ್ತಿರ ಹತ್ತಿರ ಐದು ನಿಮಿಷ. ಗುಣಿಸಿ ನೋಡಿ, 570ರ ಮೇಲೆ ಬೀಟು, ಅದರಲ್ಲಿ ಅರ್ಧ ಸ್ನೇರ್. ಅಷ್ಟೂ ಏಟಿಗೆ ಒಂದೇ ಸದ್ದು ಬರಬೇಕು. "ಇದೇನ್ ಗುರು ಸಿಂಪಲ್ಲು" ಅನ್ನೋರು ಒಂದ್ಸಲ ರೆಕಾರ್ಡ್ ಮಾಡ್ಕೊಂಡು ಕೇಳಿ.

ಈಗ ಇದರ ಪಕ್ಕಕ್ಕೆ ನಮ್ಮದೊಂದು ಹಾಡು ಇಡ್ತೀನಿ. 'ಗೀತಾ' ಸಿನಿಮಾದ 'ಜೊತೆಯಲಿ'. 1981, ಶಂಕರ್‌ನಾಗ್ ನಿರ್ದೇಶನ, ಇಳಯರಾಜ ಸಂಗೀತ. ನಮ್ಮ ಏರಿಯಾಗೆ ಇದಕ್ಕಿಂತ ಸರಿಯಾದ ಹಾಡು ಸಿಗಲ್ಲ. ಯಾಕಂದ್ರೆ ಇದೇ ಟ್ಯೂನ್ ಆಮೇಲೆ ತಮಿಳಿನ 'ನೂರಾವದು ನಾಳ್' (1984) ಸಿನಿಮಾಗೆ ಹೋಯ್ತು, 2007ರಲ್ಲಿ 'ಚೀನಿ ಕಮ್' ಮೂಲಕ ಹಿಂದಿಗೂ ಹೋಯ್ತು. ಹಲಸೂರಿನ ತಮಿಳು ಮನೆ ಹುಡುಗಿ, ಶಿವಾಜಿನಗರದಲ್ಲಿ ಹಿಂದಿ ಹಾಡು ಕೇಳಿ ಬೆಳೆದ ಹುಡುಗ, ನಾನು, ಮೂರೂ ಜನ ಒಂದೇ ಜಾಮ್ ರೂಮಲ್ಲಿ ಕೂತ್ರೆ ಎಲ್ಲರಿಗೂ ಇದು ಗೊತ್ತಿರುತ್ತೆ. ಫೋರ್ ಬೈ ಫೋರ್ ಲೆಕ್ಕ. 'ಬಿಲ್ಲಿ ಜೀನ್'ಗೆ ಕಲಿತ ಅದೇ ಬೀಟನ್ನ ಇದರ ಕೆಳಗೆ ಇಟ್ಟು ನುಡಿಸಿ. ಒರಿಜಿನಲ್ ತರಾನೇ ಬರಬೇಕು ಅಂತ ಹಠ ಬೇಡ. ಪೂರ್ತಿ ಹಾಡು ನಿಲ್ಲಿಸದೆ ಮುಗಿಸೋದೇ ಮೊದಲ ತಿಂಗಳ ಕೆಲಸ.

ಅದೇ ಸಿನಿಮಾದ 'ಸಂತೋಷಕ್ಕೆ' ಕೈ ಹಾಕೋ ಆಸೆ ಬರುತ್ತೆ, ನನಗೆ ಗೊತ್ತು. ಸ್ಪೀಡ್ ಜಾಸ್ತಿ, ಸ್ವಲ್ಪ ತಡೀರಿ. ತಡೆಯೋಕಾಗಲ್ಲ ಅಂದ್ರೆ ಯೂಟ್ಯೂಬಲ್ಲಿ ಸ್ಪೀಡ್ 0.75ಕ್ಕೆ ಇಳಿಸ್ಕೊಂಡು ನುಡಿಸಿ, ನಾಚಿಕೆ ಏನಿಲ್ಲ. ಹಾಗಂತ ತೀರಾ ನಿಧಾನದ ಲವ್ ಸಾಂಗ್ ಸುಲಭ ಅಂದ್ಕೋಬೇಡಿ. ಎರಡು ಏಟಿನ ನಡುವೆ ಜಾಗ ಜಾಸ್ತಿ ಇದ್ದಷ್ಟೂ ಕೈ ಆತುರ ಪಡುತ್ತೆ. ನಿಮಿಷಕ್ಕೆ 80ರಿಂದ 120ರ ಒಳಗಿರೋ ಹಾಡು ಮೊದಲಿಗೆ ಸಾಕು.

3/3

ಈಗ ನನಗೆ ಸಿಟ್ಟು ಬರೋ ವಿಷಯ.

ಆ ಲಿಸ್ಟಲ್ಲಿ ಒಂದಾದ್ರೂ ಸಿಕ್ಸ್ ಎಯ್ಟ್ ಹಾಡು ಇರುತ್ತಾ ನೋಡಿ. ಸಾಮಾನ್ಯವಾಗಿ ಇರಲ್ಲ. ಆರು ಎಣಿಸಿ, 1ಕ್ಕೂ 4ಕ್ಕೂ ಒತ್ತು ಕೊಡಿ: ಒಂದು-ಎರಡು-ಮೂರು, ನಾಕು-ಐದು-ಆರು. ಗಣೇಶನ್ನ ಹಲಸೂರು ಕೆರೆಗೆ ಬಿಡೋಕೆ ಹೋಗುವಾಗ ದಾರಿ ಪೂರ್ತಿ ತಮಟೆ ಹೊಡೆಯೋದು ಬಹುಪಾಲು ಈ ಮೂರು ಮೂರರ ನಡೆಯಲ್ಲೇ. ಸ್ಟೆಪ್ ಹಾಕಿದ ಎಲ್ಲರ ಕಾಲಲ್ಲೂ ಅದು ಆಗಲೇ ಇದೆ. ಕಿಟ್ ಮೇಲೆ ತರೋದು ಕಷ್ಟ ಅಲ್ಲ. ಹೈ ಹ್ಯಾಟಲ್ಲಿ ಆರು, ಕಿಕ್ 1ಕ್ಕೆ, ಸ್ನೇರ್ 4ಕ್ಕೆ.

ನಮ್ಮ ಬೀದಿಯ ಪಿಯುಸಿ ಹುಡುಗ ಒಬ್ಬ ಇದನ್ನ ಕಣ್ಮುಚ್ಚಿ ಹೊಡೀತಿದ್ದ. ಅವರಮ್ಮ ಚೀಟಿ ದುಡ್ಡಲ್ಲಿ ಫೀಸ್ ಕಟ್ಟಿ ಕ್ಲಾಸಿಗೆ ಸೇರಿಸಿದ್ರು. ಅಲ್ಲಿ ಅವನು ಕೂತ ತಕ್ಷಣ ಗೊತ್ತಿದ್ದದ್ದನ್ನ ನುಡಿಸಿದ. ಮೇಷ್ಟ್ರು ಎಲ್ಲರ ಮುಂದೆ ನಕ್ಕು, "ಇದು ಸಾವಿಗೆ ಹೊಡೆಯೋದು, ಮೊದಲು ಇದನ್ನ ಮರೀ" ಅಂದ್ರಂತೆ. ಎರಡು ತಿಂಗಳು ಗೊತ್ತೇ ಇಲ್ಲದ ಇಂಗ್ಲಿಷ್ ಹಾಡುಗಳ ಜೊತೆ ಗುದ್ದಾಡಿ ಬಿಟ್ಟುಬಿಟ್ಟ. ಸ್ಟಿಕ್ಸ್ ನನಗೆ ಕೊಟ್ಟು ಹೋದ. ತಮಟೆ ಅಂದ್ರೆ ಮೂಗು ಮುರಿಯೋದರ ಹಿಂದೆ ಜಾತಿ ಇದೆ, ಅದನ್ನ ಸುತ್ತಿ ಬಳಸಿ ಹೇಳೋದು ಬೇಡ.

ಹಾಗೆ ನಗೋರಿಗೆ ಒಂದು ಪ್ರಶ್ನೆ. ಮೆಟಾಲಿಕಾ 2011ರಲ್ಲಿ ನಮ್ಮ ಅರಮನೆ ಮೈದಾನಕ್ಕೇ ಬಂದು ನುಡಿಸಿ ಹೋದ್ರಲ್ಲ, ಅವರ 'ನಥಿಂಗ್ ಎಲ್ಸ್ ಮ್ಯಾಟರ್ಸ್' ಯಾವ ಲೆಕ್ಕದಲ್ಲಿದೆ? ಎಣಿಸಿ ನೋಡಿ. ಆರು. ನಿಧಾನ, ಅಷ್ಟೇ ವ್ಯತ್ಯಾಸ. ತಮಟೆ ಕೇಳಿ ಬೆಳೆದವರಿಗೆ ಆ ಹಾಡು ಬೇಗ ಹತ್ತುತ್ತೆ, ಯಾಕಂದ್ರೆ ಎಣಿಕೆ ಕಾಲಲ್ಲಿ ಮೊದಲೇ ಕೂತಿದೆ.

ಮತ್ತೆ, ಸ್ಟೇಜ್ ಎಲ್ಲಿ ಸಿಗುತ್ತೆ ಅಂತಾನೂ ಯೋಚನೆ ಮಾಡಿ. ರಾಕ್ ಬ್ಯಾಂಡ್ ಯಾವಾಗ ಕರೆಯುತ್ತೋ ಗೊತ್ತಿಲ್ಲ. ಗಣೇಶ ಹಬ್ಬದ ಆರ್ಕೆಸ್ಟ್ರಾ, ರಾಜ್ಯೋತ್ಸವ, ಕಾಲೇಜ್ ಫೆಸ್ಟ್, ಚರ್ಚ್ ಕಾಯರ್, ಇವು ಪ್ರತಿ ವರ್ಷ ಬರುತ್ತೆ. ಅಲ್ಲಿ ಸಿಕ್ಸ್ ಎಯ್ಟ್ ಬರಲ್ಲ ಅಂದ್ರೆ ಮೂರನೇ ಹಾಡಿಗೇ ಕೆಳಗಿಳಿಸ್ತಾರೆ. ಗ್ರೇಡ್ ಪರೀಕ್ಷೆ ಬರೆಯೋರು ಪುಸ್ತಕದಲ್ಲಿರೋದನ್ನ ನುಡಿಸಿ, ಅದು ಬೇರೆ ದಾರಿ.

ಸೋ, ಈ ತಿಂಗಳಿಗೆ ಮೂರೇ ಹಾಡು: ಬಾಯಿಪಾಠ ಇರೋದೊಂದು, 'ಬಿಲ್ಲಿ ಜೀನ್' ಒಂದು, ಆರರ ಲೆಕ್ಕದ್ದೊಂದು. ಕಿಟ್ ಇಲ್ದಿದ್ರೆ ಪ್ರಾಕ್ಟೀಸ್ ಪ್ಯಾಡ್, ಅದೂ ಇಲ್ದಿದ್ರೆ ದಿಂಬು. ಕೆ.ಆರ್. ಪುರದಿಂದ ಬರೋರು ಮೆಟ್ರೋದಲ್ಲಿ ತೊಡೆ ಮೇಲೆ ನುಡಿಸಿ, ಹಲಸೂರು ಸ್ಟೇಷನ್ ಬರೋಷ್ಟರಲ್ಲಿ 'ಜೊತೆಯಲಿ' ಎರಡು ಸಲ ಮುಗಿಯುತ್ತೆ. ಪಕ್ಕದಲ್ಲಿ ಕೂತ ಆಂಟಿ ಒಂಥರಾ ನೋಡ್ತಾರೆ. ನೋಡ್ಲಿ ಬಿಡಿ.

ಆ ಹುಡುಗನ ಸ್ಟಿಕ್ಸ್ ಇನ್ನೂ ನನ್ನ ಹತ್ರಾನೇ ಇದೆ. ಇದನ್ನ ಓದ್ತಿದ್ರೆ ಭಾನುವಾರ ಬಾರೋ, ಬಂದು ಇಸ್ಕೊಂಡು ಹೋಗು.

#ಡ್ರಮ್ಸ್ #ತಮಟೆ #ಹಲಸೂರು