ಕೂರಲು ಒಂದು ಸ್ಟೂಲು

ನಮ್ಮ ಕಾಲದ ಶಾಲೆಗಳಲ್ಲಿ ಬೆಂಚಿನ ಮೇಲೆ ನಿಲ್ಲಿಸುವುದು ಒಂದು ಶಿಕ್ಷೆಯಾಗಿತ್ತು. ನಲವತ್ತು ನಿಮಿಷದ ಪೀರಿಯಡ್ಡು ಮುಗಿಯುವಷ್ಟರಲ್ಲಿ ಹುಡುಗರು ಭಾರವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಬದಲಿಸುತ್ತ, ಗೋಡೆಗೆ ಒರಗಲು ಹವಣಿಸುತ್ತಿದ್ದುದು ಇದನ್ನು ಓದುತ್ತಿರುವ ಅನೇಕರಿಗೆ ನೆನಪಿರಬಹುದು. ಅದೇ ಶಿಕ್ಷೆಯನ್ನು ದಿನಕ್ಕೆ ಒಂಬತ್ತು ಹತ್ತು ಗಂಟೆ ವಿಧಿಸಿ, ತಿಂಗಳಿಗೊಮ್ಮೆ ಸಂಬಳ ಕೊಟ್ಟು, ನೌಕರಿಯೆಂದು ಹೆಸರಿಟ್ಟರೆ ಅದು ನ್ಯಾಯವಾಗಿಬಿಡುತ್ತದೆಯೇ?

ಈಚೆಗೆ ಮನೆಯವರೊಂದಿಗೆ ಜವಳಿ ಅಂಗಡಿಯೊಂದಕ್ಕೆ ಹೋಗಿದ್ದೆ. ಸೀರೆ ತೋರಿಸುತ್ತಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿ. ಕೆಳಗಿನ ಖಾನೆಯಿಂದ ಸೀರೆ ತೆಗೆದು ಏಳುವಾಗಲೆಲ್ಲ ಸೊಂಟಕ್ಕೆ ಕೈಕೊಡುತ್ತಿದ್ದಳು. ವಿಚಾರಿಸಿದಾಗ, ಎರಡು ವರ್ಷದಿಂದ ಸೊಂಟನೋವು, ಬೆಲ್ಟು ಬಿಗಿದುಕೊಂಡೇ ಕೆಲಸಕ್ಕೆ ಬರುತ್ತೇನೆ ಎಂದಳು. “ಒಂದು ಗಳಿಗೆ ಕೂತುಕೋ ಮಗೂ” ಎಂದೆ. “ಇಲ್ಲಿ ಕೂರುವ ಹಾಗಿಲ್ಲ ಸಾರ್, ಮೇಲೆ ಕ್ಯಾಮೆರಾ ಇದೆ” ಎಂದಳು. ಗಿರಾಕಿಗಳಾದ ನಮಗೆ ಮಾತ್ರ ಮೆತ್ತೆಯ ಕುರ್ಚಿಗಳಿದ್ದವು.

ಮಾಲೀಕರನ್ನು ಕೇಳಿದರೆ, ಕುಳಿತು ಮಾತನಾಡಿಸಿದರೆ ಗಿರಾಕಿಗೆ ಅಗೌರವ ಎಂಬ ಉತ್ತರ ಬಂತು. ಎಂಥ ಗೌರವವಿದು! ನಾನು ಚಿಕ್ಕವನಿದ್ದಾಗ ಜವಳಿ ಅಂಗಡಿಯಲ್ಲಿ ಬಿಳಿಯ ಹಾಸು ಹೊದಿಸಿದ ಗಾದಿ ಇರುತ್ತಿತ್ತು. ಚಪ್ಪಲಿ ಬಿಟ್ಟು ಮೇಲೇರಿದರೆ ಸಾಹುಕಾರರು, ಸೀರೆ ಬಿಚ್ಚಿ ತೋರಿಸುವವರು, ಕೊಳ್ಳಲು ಹೋದ ನಾವು, ಎಲ್ಲರೂ ಅದೇ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದೆವು. ಅಗೌರವವಾಯಿತೆಂದು ಯಾರೂ ಎದ್ದುಹೋದದ್ದನ್ನು ನಾನು ಕಂಡಿಲ್ಲ. ಗಾಜಿನ ಕೌಂಟರು ಬಂದ ಮೇಲೆ ಹುಟ್ಟಿದ ಈ ಮರ್ಯಾದೆಯನ್ನು ಸಂಪ್ರದಾಯವೆಂದು ನಮಗೆ ಬೋಧಿಸುವ ಅಗತ್ಯವಿಲ್ಲ.

“ನಮ್ಮ ಹಿರಿಯರು ಹೊಲದಲ್ಲಿ ದಿನವಿಡೀ ದುಡಿಯಲಿಲ್ಲವೇ?” ಎಂದು ಕೇಳುವವರೂ ಇದ್ದಾರೆ. ದುಡಿದರು, ನಿಜ. ಅವರ ಬೆನ್ನೂ ನೋಯುತ್ತಿತ್ತು. ಆದರೆ ಬಾಗುವುದು, ಕುಕ್ಕರಗಾಲಿನಲ್ಲಿ ಕೂರುವುದು, ನಡೆಯುವುದು, ಮರದ ನೆರಳಿನಲ್ಲಿ ಬುತ್ತಿ ಬಿಚ್ಚುವುದು ಎಲ್ಲವೂ ಆ ದುಡಿಮೆಯಲ್ಲಿತ್ತು. ಎರಡಡಿ ಜಾಗದಲ್ಲಿ ನೆಟ್ಟ ಕಂಬದಂತೆ ನಿಲ್ಲುವುದು ಬೇರೆಯೇ ಮಾತು. ವಿಜ್ಞಾನದ ಮೇಷ್ಟರಾಗಿದ್ದವನಿಗೆ ಇದನ್ನು ವಿವರಿಸದೆ ಮುಂದೆ ಹೋಗಲಾಗದು. ನಿಶ್ಚಲವಾಗಿ ನಿಂತಾಗ ಬೆನ್ನಿನ ಸ್ನಾಯುಗಳು ಬಿಡುವಿಲ್ಲದೆ ಬಿಗಿದಿರುತ್ತವೆ. ನಡೆಯುವಾಗ ರಕ್ತವನ್ನು ಮೇಲಕ್ಕೊತ್ತುವ ಮೀನಖಂಡ ಸುಮ್ಮನಾಗಿ ಕಾಲಿನಲ್ಲಿ ರಕ್ತ ತಂಗುತ್ತದೆ. ದಿನವಿಡೀ ಕುರ್ಚಿಗೆ ಅಂಟಿಕೊಂಡವರ ಬೆನ್ನೂ ಸುಖದಲ್ಲೇನಿಲ್ಲ. ಕೂತು, ಎದ್ದು, ನಾಲ್ಕು ಹೆಜ್ಜೆ ಓಡಾಡಿ ಭಂಗಿಯನ್ನು ಬದಲಿಸುತ್ತಿರಬೇಕು. ಆ ಸ್ವಾತಂತ್ರ್ಯವನ್ನೇ ಅಂಗಡಿಗಳು ಕಸಿದುಕೊಂಡಿವೆ.

ಬೆಲ್ಟಿನ ವಿಷಯ ಕೇಳಿ. ಮೂರು ತಿಂಗಳು ಮೀರಿದ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಮಾರ್ಗಸೂಚಿ ಪ್ರಕಟಿಸಿತು. ವ್ಯಾಯಾಮ, ತಿಳಿವಳಿಕೆ ಮುಂತಾದವನ್ನು ಅದು ಶಿಫಾರಸು ಮಾಡಿದೆ. ಸೊಂಟದ ಬೆಲ್ಟನ್ನು ನಿತ್ಯದ ಚಿಕಿತ್ಸೆಯಾಗಿ ಕೊಡಬೇಡಿ ಎಂದಿದೆ. 2020ರಲ್ಲಿ ಜಗತ್ತಿನಾದ್ಯಂತ ಸುಮಾರು 61.9 ಕೋಟಿ ಜನ ಸೊಂಟನೋವಿನಿಂದ ಬಳಲುತ್ತಿದ್ದರೆಂಬುದು ಅದೇ ಸಂಸ್ಥೆ ಕೊಡುವ ಅಂಕಿ. ಮಾಲೀಕರು ಸ್ಟೂಲು ಕೊಡದಿರುವುದರಿಂದ ಆ ಹುಡುಗಿ ತನ್ನ ಸಂಬಳದಲ್ಲಿ ಬೆಲ್ಟು ಕೊಂಡಿದ್ದಾಳೆ!

ಇದೇನೂ ನನ್ನ ತಲೆಯಲ್ಲಿ ಹುಟ್ಟಿದ ಹೊಸ ವಾದವಲ್ಲ. ನಿಂತು ದುಡಿಯುವವರಿಗೆ ಬಿಡುವು ಸಿಕ್ಕಾಗ ಕೂರಲು ಅನುಕೂಲ ಕಲ್ಪಿಸಬೇಕೆಂದು 1948ರ ಕಾರ್ಖಾನೆ ಕಾಯಿದೆಯ 44ನೆಯ ಸೆಕ್ಷನ್ನಿನಲ್ಲಿಯೇ ಬರೆದಿತ್ತು. ಅದು ಕಾರ್ಖಾನೆಯ ಮಾತಾಯಿತು. ಅಂಗಡಿಯ ಹೆಣ್ಣುಮಕ್ಕಳಿಗಾಗಿ ಬೀದಿಗಿಳಿದದ್ದು ಕೋಳಿಕ್ಕೋಡಿನ ‘ಪೆಣ್‌ಕೂಟ್ಟ್’ ಎಂಬ ಸಂಘಟನೆ. ಅದರ ಮುಂದಾಳು ವಿಜಿ ಅವರು ಹೊಲಿಗೆಯಿಂದ ಜೀವನ ಸಾಗಿಸಿದವರು. ಅವರ ಹಲವು ವರ್ಷಗಳ ಹೋರಾಟದ ಫಲವಾಗಿ ಕೇರಳ 2018ರಲ್ಲಿ ಕಾನೂನು ತಿದ್ದಿತು. ತಮಿಳುನಾಡು 2021ರಲ್ಲಿ ಅದೇ ದಾರಿ ಹಿಡಿಯಿತು. ಕೂರುವುದಕ್ಕೂ ಶಾಸನಸಭೆಯ ಅಪ್ಪಣೆ ಬೇಕಾಯಿತಲ್ಲ ಎಂದು ನಗಬೇಕೋ ಅಳಬೇಕೋ ತಿಳಿಯದು.

ನಮ್ಮ ವೃತ್ತಿಯವರೂ ಈ ಹಟಕ್ಕೆ ಹೊರತಲ್ಲ. ಕೆಲವು ಖಾಸಗಿ ಶಾಲೆಗಳು ತರಗತಿಯಿಂದ ಶಿಕ್ಷಕರ ಕುರ್ಚಿಯನ್ನೇ ಹೊರಗೆ ಹಾಕಿವೆ. ಪಾಠದ ಗುಣವನ್ನು ಮೇಷ್ಟರ ಕಾಲಿನಲ್ಲಿ ಅಳೆಯುವ ಈ ವಿದ್ಯೆಯನ್ನು ನಮಗೆ ಬಿ.ಎಡ್.ನಲ್ಲಿ ಯಾರೂ ಕಲಿಸಿರಲಿಲ್ಲ.

ನಿಂತೇ ದುಡಿಯಬೇಕಾದ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ಗೇಣುದ್ದಕ್ಕಿಂತ ಕಡಿಮೆ ಎತ್ತರದ ಒಂದು ಮಣೆಯನ್ನು ಕಾಲ ಬಳಿ ಇಟ್ಟುಕೊಂಡು ಸರದಿಯಂತೆ ಒಂದೊಂದು ಪಾದವನ್ನು ಅದರ ಮೇಲಿರಿಸಿ. ನೋವಿದೆಯೆಂದು ಹಾಸಿಗೆ ಹಿಡಿಯಬೇಡಿ, ನಡೆದಾಡಿ. ಆದರೆ ಕಾಲು ಮರಗಟ್ಟಿದರೆ, ಬಲ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ.

ಅಂಗಡಿ ಇಟ್ಟಿರುವ ಶಿಷ್ಯರೂ ನನಗೆ ಕಡಿಮೆಯಿಲ್ಲ. ಗಿರಾಕಿಯಿಲ್ಲದ ಹೊತ್ತಿನಲ್ಲಿ ಕೌಂಟರಿನ ಹಿಂದಿರುವವರು ಕೂತರೆ ನಿಮಗಾಗುವ ನಷ್ಟವೇನೆಂದು ಲೆಕ್ಕ ಹಾಕಿ ನನಗೆ ಬರೆಯಿರಿ. ಸ್ಟೂಲಿನ ಬೆಲೆಯನ್ನೂ ಅದರಲ್ಲಿ ಸೇರಿಸಿಕೊಳ್ಳಿ. ಆ ಲೆಕ್ಕವನ್ನು ತಿದ್ದಿಕೊಡಲು ನಾನು ಸಿದ್ಧನಿದ್ದೇನೆ.