ಮಂದಣ್ಣನ ಸಾಕ್ಷ್ಯ



ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿ ಪ್ರಕಟವಾದದ್ದು 1980ರಲ್ಲಿ. ಹರೆಯದ ಎಷ್ಟೋ ಓದುಗರು ಮಲೆನಾಡಿನ ಕಾಡನ್ನು ಮೊದಲು ಪ್ರವೇಶಿಸಿದ್ದು ಆ ಪುಸ್ತಕದ ಬಾಗಿಲಿನಿಂದ. ಕೃತಿಗೆ ವಿಜ್ಞಾನಿಯ ಹೆಸರಿದೆ. ಆದರೆ ಅವರೆಲ್ಲ ಅರಸಿ ಹೊರಡುವ ಹಾರುವ ಓತಿಯನ್ನು ಮೊದಲು ಕಂಡವನು ಮಂದಣ್ಣ. ಊರಿನ ಲೆಕ್ಕದಲ್ಲಿ ಅವನು ಉಂಡಾಡಿ. ಜೇನು, ಮರ, ಹುಳು, ಹಕ್ಕಿಗಳ ಸಂಗತಿಯಲ್ಲಿ ಮಾತ್ರ ಅವನ ಕಣ್ಣಿಗೆ ಸಮನಾದ ಕಣ್ಣು ಸುತ್ತಮುತ್ತ ಇರಲಿಲ್ಲ. ಇದನ್ನು ಗುರುತಿಸಿದವರು ಕರ್ವಾಲೊ ಒಬ್ಬರೇ.

ಮಂದಣ್ಣ ಸಚ್ಚಾರಿತ್ರ್ಯದ ಪ್ರತಿಮೆಯೇನೂ ಅಲ್ಲ. ಕಳ್ಳಭಟ್ಟಿಯ ಮೊಕದ್ದಮೆಯಲ್ಲಿ ಸಿಲುಕಿಕೊಳ್ಳುತ್ತಾನೆ. ಆದರೂ ಅವನಲ್ಲೊಂದು ನಿಷ್ಠೆಯಿದೆ: ಕಂಡದ್ದನ್ನು ಕಂಡಂತೆಯೇ ಹೇಳುವುದು. ಕರ್ವಾಲೊ ಅವರಲ್ಲಿಯೂ ಅದಕ್ಕೆ ತಕ್ಕ ಇನ್ನೊಂದು ನಿಷ್ಠೆಯಿದೆ: ಹಾಗೆ ಹೇಳಿದವನನ್ನು ಕಷ್ಟಕಾಲದಲ್ಲಿ ಕೈಬಿಡದಿರುವುದು. ಕೊನೆಯಲ್ಲಿ ಓತಿ ಕೈಗೆಟುಕದೆ ಕಣಿವೆಯ ಶೂನ್ಯಕ್ಕೆ ತೇಲಿಹೋಗುತ್ತದೆ. ಉಳಿಯುವುದು ಕಂಡವರ ಸಾಕ್ಷ್ಯವೊಂದೇ.

ಈ ಮಾತನ್ನು ಈಗೇಕೆ ನೆನೆಯಬೇಕು? ನಮ್ಮ ಸೀಮೆಯಲ್ಲೂ ಮಂದಣ್ಣರಿದ್ದಾರೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡು 2011ರಲ್ಲಿ ಕೊಂಡುಕುರಿಗಾಗಿಯೇ ವನ್ಯಜೀವಿಧಾಮವಾಯಿತು. ಗಂಡಿಗೆ ನಾಲ್ಕು ಕೊಂಬುಗಳಿರುವ ಈ ಸಣ್ಣ ಪ್ರಾಣಿ ಬಹು ನಾಚಿಕೆಯದು. ಸದ್ದು ಕೇಳಿದೊಡನೆ ಪೊದೆಯಲ್ಲಿ ಮರೆಯಾಗುತ್ತದೆ. ಅದರ ಜಾಡನ್ನು ಬಲ್ಲವರು ದಿನವೂ ಆ ಮಣ್ಣನ್ನು ತುಳಿಯುವವರು. ಚನ್ನಗಿರಿಯ ಸೂಳೆಕೆರೆಗೆ ಯಾವ ಹಕ್ಕಿ ಯಾವ ಮಾಸದಲ್ಲಿ ಬಂದಿಳಿಯುತ್ತದೆ, ಹೊನ್ನಾಳಿಯ ತುಂಗಭದ್ರೆಯ ಮಡುಗಳಲ್ಲಿ ಯಾವ ಮೀನು ವಿರಳವಾಯಿತು, ನ್ಯಾಮತಿಯ ತೀರ್ಥರಾಮೇಶ್ವರದ ಗುಡ್ಡದಲ್ಲಿ ಯಾವ ಒರತೆ ಬೇಸಿಗೆಯಲ್ಲೂ ಬತ್ತದು ಎಂಬುದನ್ನು ಕೇಳಬೇಕಾದದ್ದು ಬೆಸ್ತರನ್ನು, ಕುರಿಗಾಹಿಗಳನ್ನು, ಸೌದೆಗೆ ಹೋಗುವ ಹೆಂಗಸರನ್ನು.

ಈ ತಿಳಿವಿಗೆ ಕಾನೂನಿನ ಮನ್ನಣೆಯೂ ಉಂಟು. 2002ರ ಜೀವವೈವಿಧ್ಯ ಅಧಿನಿಯಮದಂತೆ ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕು. ಸಮಿತಿಯು ಜನರೊಡನೆ ಸಮಾಲೋಚಿಸಿ ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸಬೇಕು. ಇದಕ್ಕೆ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2020ರ ಜನವರಿಯ ಗಡುವನ್ನೂ ವಿಧಿಸಿತ್ತು. ಗಡುವಿಗಾಗಿ ಬರೆದ ದಾಖಲೆಯಲ್ಲಿ ಕಾಡಿನ ಧ್ವನಿ ಇರಬಹುದು, ಇಲ್ಲದಿರಲೂಬಹುದು. ಕುರಿಗಾಹಿಯನ್ನು ಕೇಳದೆ ತುಂಬಿದ ಪುಟ, ಮಂದಣ್ಣನಿಲ್ಲದ ‘ಕರ್ವಾಲೊ’ದಂತೆ. ನಾಳೆ ಗುಡ್ಡಕ್ಕೆ ಗಣಿಯೋ ರಸ್ತೆಯೋ ಬಂದಾಗ, ಇಲ್ಲಿ ಏನಿತ್ತು ಎಂದು ಕೇಳಿದರೆ ಆ ಪುಟವೇ ನಮ್ಮ ಸಾಕ್ಷಿ. ಅದು ಬರಿದಾಗಿದ್ದರೆ, ಇಲ್ಲಿ ಏನೂ ಇರಲಿಲ್ಲವೆಂದೇ ತೀರ್ಮಾನವಾದೀತು.

ಆದುದರಿಂದ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಈ ರಜೆಯಲ್ಲಿ ನಿಮ್ಮ ಪಂಚಾಯಿತಿಗೆ ಹೋಗಿ ದಾಖಲೆಯನ್ನು ತೋರಿಸಿರೆಂದು ಕೇಳಿ. ಬಳಿಕ ಊರಿನ ಹಿರಿಯರೊಬ್ಬರ ಜೊತೆಗೆ ಒಂದು ದಿನ ಗುಡ್ಡ ಹತ್ತಿ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಂಡು, ಅವರು ಒಪ್ಪಿದರೆ ಅವರ ಹೆಸರನ್ನೂ ನಮೂದಿಸಿ, ಗ್ರಾಮಸಭೆಯ ಮುಂದಿಡಿ. ಹಿರಿಯರೇ, ನಿಮ್ಮಲ್ಲೂ ಒಂದು ಪ್ರಾರ್ಥನೆ: ನಾವು ಓದಿದವರಲ್ಲ ಎಂದು ಹಿಂಜರಿಯಬೇಡಿ. ಮಂದಣ್ಣನೂ ಓದಿನಲ್ಲಿ ಮುಂದಿದ್ದವನಲ್ಲ.