ಮುರಿದ ಕಾಲೋ, ಮಾಡಿದ ತಪ್ಪೋ?

ಫುಟ್‌ಬಾಲಿನ 12ನೆಯ ನಿಯಮದಲ್ಲಿ ಗೊಂದಲವಿಲ್ಲ. ಎದುರಾಳಿಯ ಮೈಗೆ ಅಪಾಯವಾಗುವಂತೆ ಅಥವಾ ಮಿತಿಮೀರಿದ ಬಲದಿಂದ ನುಗ್ಗಿದವನು ಕೆಂಪು ಕಾರ್ಡು ಪಡೆದು ಹೊರಗೆ ಹೋಗತಕ್ಕದ್ದು. ಅವನ ಕಾಲು ಮುರಿದಿರಬೇಕೆಂದು ಅದರಲ್ಲಿ ಎಲ್ಲಿಯೂ ಹೇಳಿಲ್ಲ. ಆದರೆ ನಮ್ಮ ಹುಡುಗರು ರಾತ್ರಿ ನಿದ್ದೆಗೆಟ್ಟು ನೋಡುವ ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಈ ನಿಯಮಕ್ಕೆ ಒದಗಿರುವ ಗತಿಯನ್ನು ನೋಡಿ.

2019ರ ನವೆಂಬರಿನಲ್ಲಿ ಟಾಟನ್‌ಹ್ಯಾಮಿನ ಸೊನ್ ಹ್ಯುಂಗ್‌ಮಿನ್, ಎವರ್ಟನ್ನಿನ ಆಂದ್ರೆ ಗೊಮೆಸನನ್ನು ಹಿಂದಿನಿಂದ ಬೀಳಿಸಿದ. ರೆಫರಿ ತೆಗೆದದ್ದು ಹಳದಿ ಕಾರ್ಡು. ಗೊಮೆಸನ ಪಾದದ ಕೀಲು ಮುರಿದದ್ದು ಕಂಡ ಮೇಲೆ ಅದೇ ಕೆಂಪಾಯಿತು. ಕೆಲವೇ ದಿನಗಳಲ್ಲಿ ಮೇಲ್ಮನವಿಯಿಂದ ರದ್ದೂ ಆಯಿತು. 2020ರ ಅಕ್ಟೋಬರಿನಲ್ಲಿ ಎವರ್ಟನ್ನಿನ ಗೋಲ್‌ಕೀಪರ್ ಪಿಕ್‌ಫರ್ಡ್, ಲಿವರ್‌ಪೂಲಿನ ವಾನ್ ಡೈಕನ ಮೊಣಕಾಲಿನ ಮೇಲೆ ನುಗ್ಗಿದ. ವಾನ್ ಡೈಕ್ ಆಫ್‌ಸೈಡ್ ಎಂದು ತೀರ್ಪಾಯಿತು. ಪಿಕ್‌ಫರ್ಡನಿಗೆ ಅಂದೂ ಕಾರ್ಡಿಲ್ಲ, ಆಮೇಲೂ ಶಿಕ್ಷೆಯಿಲ್ಲ. ಆಫ್‌ಸೈಡ್ ಆದವನ ಕಾಲಿಗೆ ರಕ್ಷಣೆಯಿಲ್ಲವೆಂದು ಯಾವ ನಿಯಮ ಹೇಳುತ್ತದೆ? ವಾನ್ ಡೈಕ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಆ ಋತುವಿನ ಉಳಿದ ಪಂದ್ಯಗಳನ್ನೆಲ್ಲ ಕಳೆದುಕೊಂಡ. 2021ರ ಸೆಪ್ಟೆಂಬರಿನಲ್ಲಿ ಲೀಡ್ಸಿನ ಸ್ಟ್ರೈಕನ ಟ್ಯಾಕಲಿನಿಂದ ಲಿವರ್‌ಪೂಲಿನ 18 ವರ್ಷದ ಹಾರ್ವಿ ಎಲಿಯಟನ ಪಾದದ ಕೀಲು ತಪ್ಪಿತು. ಇದು ಕೆಂಪು ಕಾರ್ಡಿನ ತಪ್ಪಲ್ಲವೆಂದು ಗಾಯಗೊಂಡ ಹುಡುಗನೇ ಹೇಳಿದ. ಆದರೂ ಮೇಲ್ಮನವಿ ಬಿದ್ದುಹೋಯಿತು. ಮೂರು ಪಂದ್ಯಗಳ ನಿಷೇಧ ಉಳಿಯಿತು.

ಇವುಗಳಲ್ಲಿ ಅಳತೆಗೋಲು ಯಾವುದು? ಗಾಯವೆಂದರೆ ಪಿಕ್‌ಫರ್ಡ್ ಪಾರಾದದ್ದು ಹೇಗೆ? ಮಾಡಿದ ಕೃತ್ಯವೆಂದರೆ ಸೊನ್‌ನ ಕಾರ್ಡಿನ ಬಣ್ಣ ಬದಲಾದದ್ದು ಹೇಗೆ?

ಪ್ರತಿಯೊಂದು ಪ್ರಸಂಗವೂ ಬೇರೆ, ರೆಫರಿಯೂ ಮನುಷ್ಯನೇ ಎನ್ನುವವರುಂಟು. ಒಪ್ಪೋಣ. ಓಡುತ್ತ ಓಡುತ್ತ ಕ್ಷಣದಲ್ಲಿ ನಿರ್ಣಯಿಸುವವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಚಿತ್ರವನ್ನು ಹತ್ತು ಸಲ ತಿರುಗಿಸಿ ನೋಡಬಲ್ಲ ವಿಡಿಯೋ ರೆಫರಿಗೆ, ಮೇಜಿನ ಸುತ್ತ ಕುಳಿತ ಶಿಸ್ತು ಸಮಿತಿಗೆ ಈ ವಿನಾಯಿತಿ ಏಕೆ? ಉತ್ತರಪತ್ರಿಕೆಗಳನ್ನು ತಿದ್ದುವುದು ನನ್ನ ಕಸುಬು. ಒಂದೇ ಉತ್ತರಕ್ಕೆ ಒಬ್ಬರು ಮೂವತ್ತು, ಇನ್ನೊಬ್ಬರು ಅರವತ್ತು ಅಂಕ ಕೊಟ್ಟರೆ ಅದು ಮಾನವಸಹಜವೆಂದು ಯಾವ ವಿದ್ಯಾರ್ಥಿಯೂ ಸುಮ್ಮನಿರುವುದಿಲ್ಲ, ಸುಮ್ಮನಿರಲೂಬಾರದು.

ಬಿಗಿ ಮಾಡಿದರೆ ಆಟದ ಕೆಚ್ಚು ಹೋಗುತ್ತದೆಂಬ ಅಂಜಿಕೆಯೂ ಟೊಳ್ಳು. 1998ರ ವಿಶ್ವಕಪ್ಪಿನ ವೇಳೆಗೆ, ಹಿಂದಿನಿಂದ ಅಪಾಯಕರವಾಗಿ ನುಗ್ಗಿದರೆ ಕೆಂಪು ಕಾರ್ಡೇ ಎಂದು ಕಟ್ಟುಮಾಡಿದರು. ಆಟವೇನೂ ಸಾಯಲಿಲ್ಲ.

ನುಗ್ಗಿದ ವೇಗ, ಕಾಲೆತ್ತಿದ ಎತ್ತರ, ಬೂಟಿನ ಮೊಳೆ ತಾಕಿದ ಜಾಗ, ಇವನ್ನು ತೂಗಲಿ. ಬಿದ್ದವನು ಎದ್ದು ಓಡಿದರೂ ಶಿಕ್ಷೆ ಅದೇ ಇರಲಿ, ಸ್ಟ್ರೆಚರಿನ ಮೇಲೆ ಹೋದರೂ ಅದೇ ಇರಲಿ. ಪ್ರತಿ ತೀರ್ಪಿಗೂ ಕಾರಣ ಬರೆದು ಪ್ರಕಟಿಸಲಿ. ಕಾಲೇ ಜೀವನೋಪಾಯವಾಗಿರುವ ಆಟಗಾರನಿಗೆ ಇಷ್ಟನ್ನೂ ಕೊಡಲಾರದ ಸಂಸ್ಥೆ ನಿಯಮಪುಸ್ತಕವನ್ನು ಅಚ್ಚುಹಾಕಿಸಿ ಪ್ರಯೋಜನವೇನು?